ಒಂದು ಅಂಗಡಿ, ರಾಶಿ ಕಾಗದ

ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಇರುವ ನಮ್ಮ ಕನ್ನಡದವರನ್ನು ಒರೆಗಾನ್‌ನಲ್ಲಿ ಏನೇನು ನೋಡಿದಿರಿ ಅಂತ ಕೇಳಿದರೆ ಹೆಚ್ಚೂಕಮ್ಮಿ ಒಂದೇ ಉತ್ತರ ಬರುತ್ತದೆ. ಮಲ್ಟ್ನೋಮಾ ಜಲಪಾತ, ಕ್ಯಾನನ್ ಬೀಚ್, ಕ್ರೇಟರ್ ಲೇಕ್, ಚಳಿಗಾಲದಲ್ಲಿ ಮೌಂಟ್ ಹುಡ್‌ನ ಹಿಮ. ಮೌಂಟ್ ಹುಡ್ ದಾಟಿದ ಮೇಲೂ ಈ ರಾಜ್ಯ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ ಅನ್ನುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ತಲೆಗೇ ಬಂದಿರುವುದಿಲ್ಲ. ಹೈವೇ 26 ಹಿಡಿದು ಪೂರ್ವಕ್ಕೆ ಹೋಗುತ್ತಾ ಇದ್ದರೆ ದೇವದಾರು ಕಾಡು ಮುಗಿದು ಒಣ ಬಯಲು ಶುರುವಾಗುತ್ತದೆ. ಪ್ರೈನ್‌ವಿಲ್, ಮಿಚೆಲ್ ಎಲ್ಲ ದಾಟಿ ಐದು ಗಂಟೆಯಷ್ಟು ಕಾರು ಓಡಿಸಿದರೆ ಜಾನ್ ಡೇ ಎಂಬ ಊರು ಸಿಗುತ್ತದೆ. ಜನಸಂಖ್ಯೆ ಸುಮಾರು 1,700. ದನ ಸಾಕುವವರ, ಮರ ಕಡಿಯುವವರ ಊರು. ದಕ್ಷಿಣಕ್ಕೆ ಸ್ಟ್ರಾಬೆರಿ ಪರ್ವತಸಾಲು, ಪಕ್ಕದಲ್ಲೇ ಊರಿನ ಹೆಸರಿನದೇ ನದಿ.

ಆ ಊರಿನ ಪಾರ್ಕ್ ಒಂದರ ಪಕ್ಕದಲ್ಲಿ ಕಲ್ಲಿನ ಒಂದು ಕಟ್ಟಡ ಇದೆ. ದೊಡ್ಡದೇನಲ್ಲ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲನ್ನು ಕಡಿದು ಕಟ್ಟಿದ ದಪ್ಪ ಗೋಡೆ, ಕಿಟಕಿಗಳು ತೀರಾ ಸಣ್ಣವು, ಬಾಗಿಲಿಗೆ ಲೋಹದ ತಗಡು, ಅದರ ಮೇಲೆ ಬಂದೂಕಿನ ಗುಂಡಿನ ಗುರುತು. ಮೇಲೆ ಆಮೇಲೆ ಸೇರಿಸಿದ ಮರದ ಮಾಳಿಗೆ. ಗೊತ್ತಿಲ್ಲದವರು ಹಳೇ ಗೋದಾಮು ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಇದು ಕಾಮ್ ವಾ ಚಂಗ್ ಕಂಪನಿಯ ಅಂಗಡಿ. 1973ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು, 2005ರಲ್ಲಿ ಅದಕ್ಕೂ ಮೇಲಿನ ದರ್ಜೆಯ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಘೋಷಣೆ ಆಯಿತು. ಮೊದಲ ಪಟ್ಟಿಯಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜಾಗಗಳಿವೆ. ಎರಡನೆಯದರಲ್ಲಿ ಇರುವುದು 2,600ರಷ್ಟು ಮಾತ್ರ. ಅಷ್ಟು ಬಿಗಿಯಾದ ಪಟ್ಟಿಯೊಳಗೆ, ಇಬ್ಬರು ಚೀನೀಯರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದ ಹಳ್ಳಿಯ ದಿನಸಿ ಅಂಗಡಿ ಕೂತಿದೆ.

ಈ ಅಂಗಡಿಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಅದರೊಳಗಿನ ಕಾಗದ. ಖಾತೆ ಪುಸ್ತಕ, ಚೆಕ್ಕು, ಕಾಗದಪತ್ರ, ಔಷಧದ ಚೀಟಿ. ಪರದೇಶದಲ್ಲಿ ಬದುಕುವವರಿಗೆ ಕಾಗದದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಮನೆಗಳಲ್ಲೂ ಬೀರುವಿನೊಳಗೆ ಒಂದು ಫೈಲು ಇದ್ದೇ ಇರುತ್ತದೆ. ಪಾಸ್‌ಪೋರ್ಟು, ವೀಸಾ ಮಂಜೂರಾತಿಯ ಪತ್ರ, ಅಮೆರಿಕದೊಳಗೆ ಬಂದದ್ದಕ್ಕೆ ದಾಖಲೆಯಾದ ಐ-94, ಮದುವೆ ಸರ್ಟಿಫಿಕೇಟು. ಮನೆಗೆ ಬೆಂಕಿ ಬಿದ್ದರೆ ಮಕ್ಕಳ ಜೊತೆಗೆ ಆ ಫೈಲನ್ನೂ ಎತ್ತಿಕೊಂಡು ಓಡಬೇಕು ಅಂತ ಎಲ್ಲರ ಮನಸ್ಸಿನಲ್ಲೂ ಇರುತ್ತದೆ.

ಕಥೆ ಶುರುವಾಗುವುದು ಚಿನ್ನದಿಂದ. 1862ರಲ್ಲಿ ಜಾನ್ ಡೇಗೆ ಎರಡು ಮೈಲಿ ದೂರದ ಕ್ಯಾನ್ಯನ್ ಕ್ರೀಕ್ ಹಳ್ಳದಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ನುಗ್ಗಿದರು, ಕ್ಯಾನ್ಯನ್ ಸಿಟಿ ಎಂಬ ಊರು ಹುಟ್ಟಿತು. ಸುಲಭದ ಚಿನ್ನ ಮುಗಿದ ಮೇಲೆ ಬಿಳಿಯರು ಬೇರೆ ಕಡೆ ಹೊರಟರು, ಅವರು ಬಿಟ್ಟುಹೋದ ಮಣ್ಣನ್ನೇ ಮತ್ತೆ ತೊಳೆದು ಸೋಸಲು ಚೀನೀಯರು ಬಂದರು. ಬಹುತೇಕ ಎಲ್ಲರೂ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದವರು. ಅಲ್ಲಿ ಕ್ಷಾಮ, ದಂಗೆ, ಜಮೀನಿನ ಕೊರತೆ. 1870ರ ದಶಕದ ಕೊನೆಗೆ ಈ ಭಾಗದ ಗಣಿಗಳಲ್ಲಿ ಬಿಳಿಯರಿಗಿಂತ ಚೀನೀಯರೇ ಎರಡು ಪಟ್ಟು ಇದ್ದರು. ಈ ಕಲ್ಲಿನ ಕಟ್ಟಡವೂ ಆ ಚಿನ್ನದ ಭರಾಟೆಯಲ್ಲೇ, ಸೇನೆಯ ರಸ್ತೆಯ ಮಗ್ಗುಲಲ್ಲಿ, ವ್ಯಾಪಾರದ ಠಾಣೆಯಾಗಿ ಎದ್ದದ್ದು. ಕ್ಯಾನ್ಯನ್ ಸಿಟಿಯಲ್ಲಿದ್ದ ಚೀನೀ ಕೇರಿ 1885ರಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳಲು ಊರಿನವರು ಬಿಡಲಿಲ್ಲ. ಜನ ಗಂಟುಮೂಟೆ ಕಟ್ಟಿಕೊಂಡು ಜಾನ್ ಡೇಗೆ ಬಂದರು, ಈ ಕಟ್ಟಡದ ಸುತ್ತ ಹೊಸ ಕೇರಿ ಬೆಳೆಯಿತು.

ಆ ಕಾಲದ ಒರೆಗಾನ್ ಚೀನೀಯರ ಪಾಲಿಗೆ ಹೇಗಿತ್ತು ಅನ್ನುವುದನ್ನು ತಿಳಿಯದೆ ಅಂಗಡಿಯೊಳಗೆ ಕಾಲಿಟ್ಟರೆ ಅರ್ಧ ಕಥೆ ತಪ್ಪಿಹೋಗುತ್ತದೆ. 1859ರಲ್ಲಿ ಜಾರಿಗೆ ಬಂದ ರಾಜ್ಯದ ಸಂವಿಧಾನದಲ್ಲೇ, ಆಮೇಲೆ ಬಂದ ಚೀನೀಯರು ಸ್ಥಿರಾಸ್ತಿಯನ್ನಾಗಲಿ ಗಣಿಯ ಹಕ್ಕನ್ನಾಗಲಿ ಹೊಂದುವಂತಿಲ್ಲ ಅಂತ ಬರೆದಿತ್ತು. ಆ ಸಾಲನ್ನು ತೆಗೆದುಹಾಕಿದ್ದು 1946ರಲ್ಲಿ. 1882ರಲ್ಲಿ ಚೀನೀ ಕೂಲಿಕಾರರು ಅಮೆರಿಕಕ್ಕೆ ಬರುವುದನ್ನೇ ತಡೆಯುವ ಕಾಯಿದೆ ಬಂತು. ಒಂದು ದೇಶದವರನ್ನು ಹೆಸರು ಹಿಡಿದು ತಡೆದ ಮೊದಲ ದೊಡ್ಡ ಕಾಯಿದೆ ಅದು. 1887ರ ಮೇ ತಿಂಗಳಲ್ಲಿ ಇದೇ ಪೂರ್ವ ಒರೆಗಾನ್‌ನ ಹೆಲ್ಸ್ ಕ್ಯಾನ್ಯನ್ ಕಣಿವೆಯಲ್ಲಿ, ಸ್ನೇಕ್ ನದಿಯ ದಡದಲ್ಲಿ ಚಿನ್ನ ಸೋಸುತ್ತಿದ್ದ ಚೀನೀಯರನ್ನು ಕುದುರೆಕಳ್ಳರ ಗುಂಪೊಂದು ಗುಂಡಿಟ್ಟು ಕೊಂದಿತು. ಸತ್ತವರು 34 ಜನ ಇರಬಹುದು ಎನ್ನುತ್ತಾರೆ. ಯಾರಿಗೂ ಶಿಕ್ಷೆ ಆಗಲಿಲ್ಲ.

ಅದೇ 1887ರಲ್ಲಿ ಇಂಗ್ ಹೇ ಎಂಬ ಯುವಕ ಜಾನ್ ಡೇಗೆ ಬಂದರು. ಹುಟ್ಟಿದ್ದು 1862ರಲ್ಲಿ, ಗ್ವಾಂಗ್‌ಡಾಂಗ್‌ನ ತೈಶಾನ್ ಸೀಮೆಯಲ್ಲಿ. ಅಪ್ಪನ ಜೊತೆ ಪಕ್ಕದ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾಗೆ ಬಂದು ದುಡಿಯುತ್ತಿದ್ದವರು. ಅಪ್ಪ ಊರಿಗೆ ವಾಪಸು ಹೋದರು, ಮಗ ಇತ್ತ ಬಂದರು. ಇಲ್ಲಿ ಅವರಿಗೆ ಜೊತೆಯಾದದ್ದು ಹೆಚ್ಚೂಕಮ್ಮಿ ಅದೇ ವಯಸ್ಸಿನ ಲಂಗ್ ಆನ್. 1888ರ ಹೊತ್ತಿಗೆ ಅಂಗಡಿ ಇವರ ಕೈಗೆ ಬಂತು.

ಇಬ್ಬರದೂ ತದ್ವಿರುದ್ಧ ಸ್ವಭಾವ. ಹೇ ಮಿತಭಾಷಿ, ದೈವಭಕ್ತ, ಇಂಗ್ಲಿಷು ಅಷ್ಟಕ್ಕಷ್ಟೇ. ಲಂಗ್ ಆನ್ ಓದಿಕೊಂಡವರು, ಇಂಗ್ಲಿಷಿನಲ್ಲೂ ಚೆನ್ನಾಗಿ ಮಾತಾಡಿ ಬರೆಯುತ್ತಿದ್ದರು, ಜೂಜು ಮತ್ತು ಕುದುರೆ ರೇಸಿನ ಹುಚ್ಚು, ಬಿಳಿಯರ ಜೊತೆ ಸಲೀಸಾಗಿ ಬೆರೆಯುವ ಗುಣ. ಊರಿನವರ ಬಾಯಲ್ಲಿ ಒಬ್ಬರು ಡಾಕ್ ಹೇ, ಇನ್ನೊಬ್ಬರು ಲಿಯಾನ್.

ಅಂಗಡಿ ಅಂತ ಕರೆಯುತ್ತೇವೆ, ಆದರೆ ಅಲ್ಲಿ ನಡೆಯುತ್ತಿದ್ದದ್ದು ಒಂದೇ ಕಸುಬಲ್ಲ. ಮುಂದಿನ ಕೋಣೆಯಲ್ಲಿ ಅಕ್ಕಿ, ಟೀ, ತಂಬಾಕು, ಡಬ್ಬಿಯ ತಿಂಡಿ, ಪಟಾಕಿ, ಗಣಿಯ ಹತಾರ. ಗೋಡೆ ಪಕ್ಕ ದೇವರ ಗೂಡು. ಊರಿನ ಚೀನೀಯರಿಗೆಲ್ಲ ಅದೇ ಗುಡಿ. ದಾರಿಹೋಕ ಕೆಲಸಗಾರರು ಮಲಗಲು ಮರದ ಅಟ್ಟಣೆಗಳು. ಊರಿಗೆ ಕಾಗದ ಬರೆಸಲು, ಬಂದ ಕಾಗದ ಓದಿಸಲು, ಕೂಲಿ ಕೆಲಸ ಹುಡುಕಿಕೊಳ್ಳಲು ಎಲ್ಲರೂ ಲಂಗ್ ಆನ್ ಹತ್ತಿರ ಬರುತ್ತಿದ್ದರು. ಗಣಿಗೆ, ಕಾಲುವೆ ಕೆಲಸಕ್ಕೆ ಆಳು ಒದಗಿಸುವ ಗುತ್ತಿಗೆಯೂ ಅವರದೇ. ಅಫೀಮು ಸೇದುವ ಜಾಗವೂ ಹೌದು. 1909ರಲ್ಲಿ ಅದರ ಆಮದನ್ನು ನಿಲ್ಲಿಸುವ ತನಕ ಅಫೀಮು ಕಾನೂನುಬದ್ಧ ಸರಕೇ ಆಗಿತ್ತು. ಒಲೆಯ, ಊದುಬತ್ತಿಯ, ತಂಬಾಕಿನ ಹೊಗೆಯೆಲ್ಲ ಸೇರಿ ಗೋಡೆ, ಸೂರು ಕಪ್ಪಗಾಗಿವೆ. ಸಂರಕ್ಷಣೆ ಮಾಡಿದವರು ಆ ಕಪ್ಪನ್ನು ಕೆರೆದು ಸುಣ್ಣ ಬಳಿಯಲಿಲ್ಲ. ಅವರಿಗೆ ಕೈ ಮುಗಿಯಬೇಕು ಅನ್ನಿಸಿತು.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ. 1882ರ ಕಾಯಿದೆ ತಡೆದದ್ದು ಕೂಲಿಕಾರರನ್ನು. ವ್ಯಾಪಾರಿಗಳಿಗೆ ವಿನಾಯಿತಿ ಇತ್ತು. 1892ರಲ್ಲಿ ಬಂದ ಇನ್ನೊಂದು ಕಾಯಿದೆಯ ಪ್ರಕಾರ ಚೀನೀ ಕೂಲಿಕಾರರೆಲ್ಲ ವಾಸದ ಸರ್ಟಿಫಿಕೇಟು ಮಾಡಿಸಿಕೊಳ್ಳಬೇಕು. ಕೇಳಿದಾಗ ತೋರಿಸದಿದ್ದರೆ ಬಂಧನ, ಗಡಿಪಾರು. ಮರುವರ್ಷದ ತಿದ್ದುಪಡಿ ವ್ಯಾಪಾರಿ ಎಂದರೆ ಯಾರು ಅನ್ನುವುದನ್ನು ಬಿಗಿ ಮಾಡಿತು. ಗೊತ್ತಾದ ಒಂದು ಜಾಗದಲ್ಲಿ ಅಂಗಡಿ ಇರಬೇಕು, ವ್ಯವಹಾರ ಅವನ ಹೆಸರಿನಲ್ಲಿ ನಡೆಯಬೇಕು, ಅಂಗಡಿಗೆ ಬೇಕಾದ್ದು ಬಿಟ್ಟು ಬೇರೆ ಯಾವ ಮೈಕೈ ಕೆಲಸವನ್ನೂ ಅವನು ಮಾಡಿರಬಾರದು. ಊರಿಗೆ ಹೋಗಿ ಮರಳಿ ಬರಬೇಕಾದರೆ ಇದೆಲ್ಲ ನಿಜ ಅಂತ ಚೀನೀಯರಲ್ಲದ ಇಬ್ಬರು ಸಾಕ್ಷಿ ಹೇಳಬೇಕು.

ಇದನ್ನು ಓದಿದ ಮೇಲೆ ಆ ಖಾತೆ ಪುಸ್ತಕಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ಅಂಗಡಿ ಇಟ್ಟವನಿಗೆ ಈ ನೆಲಕ್ಕೆ ಬರುವ, ಹೋಗಿ ಮರಳುವ ಹಕ್ಕು. ಗುದ್ದಲಿ ಹಿಡಿದವನಿಗೆ ಇಲ್ಲ. ಅಂಥ ಕಾಲದಲ್ಲಿ ಪ್ರತಿದಿನ ಬರೆದಿಟ್ಟ ಲೆಕ್ಕ, ಯಾರು ಏನು ಒಯ್ದರು, ಎಷ್ಟು ಕೊಟ್ಟರು, ಎಷ್ಟು ಉದ್ರಿ, ಇವೆಲ್ಲ ಲಾಭನಷ್ಟಕ್ಕಷ್ಟೇ ಬರೆದದ್ದಲ್ಲ. ತಾನು ವ್ಯಾಪಾರಿ ಅನ್ನುವುದಕ್ಕೆ ಆಧಾರ ಅದು. ಹಾಗೆಯೇ, ಕಟ್ಟೆಯ ಆಚೆ ನಿಂತು ತಂಬಾಕು ಕೊಳ್ಳುವ ಬಿಳಿಯ ಗಿರಾಕಿ ಬರೀ ಗಿರಾಕಿಯಲ್ಲ. ನಾಳೆ ಬೇಕಾದರೆ ಸಾಕ್ಷಿ ಹೇಳಬಲ್ಲವನು. ಇಷ್ಟು ಎಚ್ಚರದಲ್ಲಿ ಐವತ್ತು ವರ್ಷ ಗಲ್ಲಾ ಮುಂದೆ ಕೂತು, ಬಂದವರನ್ನೆಲ್ಲ ನಗುತ್ತಾ ಮಾತಾಡಿಸಿದ ಲಂಗ್ ಆನ್ ಬಗ್ಗೆ ನನಗೆ ತುಂಬಾ ಗೌರವ ಹುಟ್ಟಿತು. ಇವತ್ತು ಜಾನ್ ಡೇ ನೋಡಲು ಬರುವವರ ಪಾಲಿಗೆ ವೈದ್ಯರಾಗಿದ್ದ ಹೇ ಅವರೇ ಕಥಾನಾಯಕ. ಅವರ ಪಕ್ಕದಲ್ಲಿ ಲಂಗ್ ಆನ್ ಇಲ್ಲದೇ ಹೋಗಿದ್ದರೆ ವೈದ್ಯಕೀಯಕ್ಕೊಂದು ಸೂರು ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಇನ್ನು ವೈದ್ಯಕೀಯ. ಡಾಕ್ ಹೇ ನಾಡಿ ನೋಡಿ ರೋಗ ಹೇಳುತ್ತಿದ್ದರು. ರೋಗಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಸುಮ್ಮನೆ ಕೂತು, ಆಮೇಲೆ ಎದ್ದು ಔಷಧದ ಕೋಣೆಗೆ ಹೋಗಿ ಬೇರು, ತೊಗಟೆ, ಎಲೆ ತೂಗಿ ಕಷಾಯಕ್ಕೆ ಕಟ್ಟಿಕೊಡುತ್ತಿದ್ದರು. ಮೊದಮೊದಲು ಬರುತ್ತಿದ್ದವರು ಚೀನೀಯರೇ. ನಿಧಾನಕ್ಕೆ ದನ ಕಾಯುವವರು, ರ‍್ಯಾಂಚಿನ ಹೆಂಗಸರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬರತೊಡಗಿದರು. ಗಾಯ ಕೀವಾಗಿ ರಕ್ತಕ್ಕೆ ನಂಜು ಏರುವುದು ಆ ಕಾಲದಲ್ಲಿ ಸಾವಿನ ದಾರಿ. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಮುಳ್ಳುತಂತಿ ತರಚಿ, ಕೈ ಕಾಲು ಊದಿಕೊಂಡು ಬಂದವರನ್ನು ಹೇ ಗುಣಪಡಿಸಿದರು ಅನ್ನುವ ಹೆಸರು ಸುತ್ತಮುತ್ತಲ ಜಿಲ್ಲೆಗಳಿಗೆಲ್ಲ ಹಬ್ಬಿತು. ದೂರದವರು ಕಾಗದ ಬರೆದು ಲಕ್ಷಣ ತಿಳಿಸಿದರೆ ಔಷಧ ಅಂಚೆಯಲ್ಲಿ ಹೋಗುತ್ತಿತ್ತು. ಮೊದಲ ಮಹಾಯುದ್ಧದ ಕೊನೆಯ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ರಸ್ತೆ ಕೆಲಸದವರಿಗೆ ಅವರು ಕಷಾಯ ಕುಡಿಸಿ ಉಳಿಸಿದರು ಅಂತ ಊರಿನವರು ಇಂದಿಗೂ ಹೇಳುತ್ತಾರೆ.

ಔಷಧದ ಕೋಣೆ ಚಿಕ್ಕದು. ಒಳಗೆ ಬಿಡುವುದಿಲ್ಲ, ಹೊರಗೆ ನಿಂತು ನೋಡಬೇಕು. ಬೆಳಕು ಮಂದ. ಗೋಡೆಯುದ್ದಕ್ಕೂ ಕಪಾಟು, ಅದರ ತುಂಬಾ ಮರದ ಪೆಟ್ಟಿಗೆ, ತಗಡಿನ ಡಬ್ಬಿ, ಗಾಜಿನ ಸೀಸೆ, ಅವುಗಳ ಮೇಲೆ ಚೀನೀ ಅಕ್ಷರ. ಐನೂರಕ್ಕೂ ಹೆಚ್ಚು ಬಗೆಯ ಔಷಧ ಸಾಮಾನು ಸಿಕ್ಕಿದೆಯಂತೆ. ಗಿಡಮೂಲಿಕೆಯ ಜೊತೆಗೆ ಕರಡಿಯ ಪಂಜವೂ ಇದೆ. ಅಮ್ಮ ಊರಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆವು. ಅಲ್ಲಿ ನಿಂತು ಒಂದು ಸಲ ಉಸಿರು ಎಳೆದುಕೊಂಡು ಅಮ್ಮ, "ನಮ್ಮೂರ ಶೆಟ್ಟರ ಗ್ರಂಥಿಗೆ ಅಂಗಡಿ ವಾಸ್ನೇನೇ ಕಣೋ ಇದು" ಅಂದರು. ನಿಜ. ಶುಂಠಿ, ಚಕ್ಕೆ, ಜ್ಯೇಷ್ಠಮಧು ಆ ವೈದ್ಯಕ್ಕೂ ಬೇಕು, ನಮ್ಮ ವೈದ್ಯಕ್ಕೂ ಬೇಕು. ಗುರುತಿನ ಚೀಟಿ ಓದಲು ಬಾರದಿದ್ದರೂ ಮೂಗಿಗೆ ಎಷ್ಟೋ ಗೊತ್ತಾಗುತ್ತದೆ. ನಾಡಿ ನೋಡುವುದು ಅಂದಾಗ ನಮ್ಮ ಗುಂಪಿನಲ್ಲಿದ್ದ ಅಮೆರಿಕನ್ನರು ಬೆರಗಾದರು. ಅಮ್ಮನಿಗೆ ಅದೇನೂ ವಿಶೇಷ ಅನ್ನಿಸಲಿಲ್ಲ. ಅವರ ಮನಸ್ಸು ಬೇರೆ ಕಡೆ ಹೋಗಿತ್ತು. ಹೊರಗೆ ಬರುತ್ತಾ ಕೇಳಿದರು: "ಅಲ್ಲ, ಇವರಿಬ್ಬರ ಹೆಂಡ್ತಿ ಮಕ್ಕಳು ಏನಾದ್ರು?"

ಅದಕ್ಕೆ ಆಮೇಲೆ ಬರುತ್ತೇನೆ. 1905ರ ಸಂಗತಿ ಒಂದನ್ನು ಮೊದಲು ಹೇಳಬೇಕು. ಲೈಸೆನ್ಸ್ ಇಲ್ಲದೆ ವೈದ್ಯ ಮಾಡುತ್ತಾರೆ ಅಂತ ಆ ವರ್ಷ ಹೇ ಅವರ ಮೇಲೆ ಮೊಕದ್ದಮೆ ಬಿತ್ತು. ಊರಿನ ಇಂಗ್ಲಿಷ್ ವೈದ್ಯದವರಿಗೆ ಅವರ ಮೇಲೆ ಅಸಮಾಧಾನ ಇತ್ತು. ಆದರೆ ಅವರನ್ನು ಅಪರಾಧಿ ಅನ್ನಲು ಆ ಸೀಮೆಯ ಜ್ಯೂರಿ ತಯಾರಿರಲಿಲ್ಲ. ಯಾರ ಮನೆಯಲ್ಲೂ ಅವರ ಕಷಾಯ ಕುಡಿದವರು ಒಬ್ಬರಾದರೂ ಇದ್ದರು. ಜಾನ್ ಡೇಯವರು ಈ ಸಂಗತಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ಹೆಮ್ಮೆ ಪಡಬೇಕಾದದ್ದೇ.

ನನಗೆ ಕಾಡುವುದು ಅದರ ಪಕ್ಕದಲ್ಲಿ ಇರುವ ಇನ್ನೊಂದು ಸಂಗತಿ. ಇಬ್ಬರನ್ನು ಪ್ರೀತಿಸಿದ ಊರು ಸುತ್ತಲಿನ ಸಾವಿರಾರು ಜನರನ್ನು ಉಳಿಸಿಕೊಳ್ಳಲಿಲ್ಲ. ಕಾಯಿದೆಯಿಂದಾಗಿ ಹೊಸಬರು ಬರುವಂತಿಲ್ಲ, ಇದ್ದ ಗಂಡಸರಿಗೆ ಸಂಸಾರ ಇಲ್ಲ, ಚಿನ್ನ ಮುಗಿಯಿತು. ಒಬ್ಬೊಬ್ಬರಾಗಿ ಊರು ಬಿಟ್ಟರು, ಇಲ್ಲವೇ ಇಲ್ಲೇ ಸತ್ತರು. 1940ರ ದಶಕಕ್ಕೆ ಕೇರಿ ಖಾಲಿ. ಇವತ್ತು ಅಂಗಡಿಯ ಸುತ್ತ ಕಾಣುವ ಹಸಿರು ಹುಲ್ಲು, ಮಕ್ಕಳು ಆಡುವ ಜಾಗ, ಅಲ್ಲೆಲ್ಲ ಮನೆಗಳಿದ್ದವು. ಒಳ್ಳೆಯ ವೈದ್ಯನನ್ನು ಊರು ತನ್ನವನನ್ನಾಗಿ ಮಾಡಿಕೊಂಡಿತು ಅನ್ನುವ ಕಥೆ ಕೇಳಲು ಇಂಪಾಗಿರುತ್ತದೆ. ಯಾರನ್ನೂ ಗುಣಪಡಿಸಲು ಬಾರದ, ಬರೀ ಮಣ್ಣು ಸೋಸಲು ಗೊತ್ತಿದ್ದ ಚೀನೀಯನಿಗೆ ಆ ಜ್ಯೂರಿ ಹಾಗೆ ಒಲಿಯುತ್ತಿತ್ತೇ? ನನಗೆ ಅನುಮಾನ ಇದೆ. ಉಪಯೋಗಕ್ಕೆ ಬಂದವರಿಗೆ ಮಾತ್ರ ಸಿಗುವ ಮನ್ನಣೆ ನಮ್ಮಂಥ ವಲಸಿಗರಿಗೆ ಚೆನ್ನಾಗಿ ಪರಿಚಯ.

ನಮ್ಮಂಥ ಅಂದೆ, ಅದಕ್ಕೂ ಕಾರಣ ಇದೆ. 1917ರ ಕಾಯಿದೆ ಏಷ್ಯಾದ ದೊಡ್ಡ ಭಾಗಕ್ಕೆ ಬಾಗಿಲು ಹಾಕಿದಾಗ ಭಾರತವೂ ಅದರಲ್ಲಿ ಸೇರಿತ್ತು. ಒರೆಗಾನ್‌ನ ಅಸ್ಟೋರಿಯಾದ ಮರದ ಮಿಲ್ಲಿನಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅಮೆರಿಕದ ಸೈನ್ಯದಲ್ಲೂ ಸೇವೆ ಮಾಡಿದವರು. ಅವರಿಗೆ ಒರೆಗಾನ್‌ನ ಫೆಡರಲ್ ನ್ಯಾಯಾಲಯ 1920ರಲ್ಲಿ ಪೌರತ್ವ ಕೊಟ್ಟಿತು. 1923ರಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರ ಲೆಕ್ಕಕ್ಕೆ ಬರುವುದಿಲ್ಲ ಅಂತ ತೀರ್ಪಿತ್ತು. ಅದಾದ ಮೇಲೆ ಅನೇಕ ಭಾರತೀಯರ ಪೌರತ್ವವನ್ನು ಸರ್ಕಾರ ಕಿತ್ತುಕೊಂಡಿತು. ನಾವು ಇಷ್ಟೊಂದು ಜನ ಬಂದು ಹಿಲ್ಸ್‌ಬರೋ, ಬೀವರ್‌ಟನ್ ಕಡೆ ಮನೆ ಮಾಡಿಕೊಂಡು, ಯುಗಾದಿಗೆ ಹೋಳಿಗೆ ತಟ್ಟುತ್ತಾ ಇರುವುದು ವಲಸೆಯ ಬಾಗಿಲನ್ನು ಮತ್ತೆ ಅಗಲ ಮಾಡಿದ 1965ರ ಕಾಯಿದೆಯ ನಂತರದ ಮಾತು. ಆ ದಾರಿ ನಮಗಿಂತ ಮೊದಲು ಬಂದ ಏಷ್ಯಾದವರು ಕಷ್ಟಪಟ್ಟು ಸವೆಸಿದ ದಾರಿ. ಜಾನ್ ಡೇಯ ಅಂಗಡಿಗೆ ಕನ್ನಡದವರು ಹೋಗಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಚೀನೀ ಗಿರಾಕಿ ಕಮ್ಮಿಯಾದಂತೆ ಲಂಗ್ ಆನ್ ಹೊಸ ದಾರಿ ಹುಡುಕಿದರು. ಕಾರು ಬಂದ ಕಾಲಕ್ಕೆ ಊರಿನಲ್ಲಿ ಗ್ಯಾರೇಜು ತೆರೆದು ಕಾರು ಮಾರುವ ಏಜೆನ್ಸಿ ಹಿಡಿದರು. ಪೂರ್ವ ಒರೆಗಾನ್‌ನಲ್ಲಿ ಕಾರು ವ್ಯಾಪಾರ ಶುರುಮಾಡಿದ ಮೊದಲಿಗರಲ್ಲಿ ಅವರೊಬ್ಬರು. ಆಸ್ತಿ ವ್ಯವಹಾರವನ್ನೂ ಮಾಡಿದರು. ಕುದುರೆಗಾಡಿಯ ಕಾಲದಲ್ಲಿ ಬಂದು, ಕಾರು ಮಾರಿ, 1940ರಲ್ಲಿ ತೀರಿಕೊಂಡರು. ತಮ್ಮದೆಲ್ಲವನ್ನೂ ಗೆಳೆಯ ಹೇ ಅವರಿಗೆ ಬಿಟ್ಟರು. ಚೀನೀಯರನ್ನು ತಡೆಯುವ ಕಾಯಿದೆ ರದ್ದಾದದ್ದು ಅದಾಗಿ ಮೂರು ವರ್ಷಕ್ಕೆ, 1943ರಲ್ಲಿ. ಅದೂ ವರ್ಷಕ್ಕೆ 105 ಜನರ ಮಿತಿ ಹಾಕಿ.

ಹೇ ಅವರಿಗೆ ಆ ಹೊತ್ತಿಗೆ ಕಣ್ಣು ಹೆಚ್ಚೂಕಮ್ಮಿ ಹೋಗಿತ್ತು. ನಾಡಿಗೆ ಬೆರಳು ಸಾಕು, ಕಣ್ಣು ಬೇಕಿಲ್ಲ. ಸಂಬಂಧಿ ಬಾಬ್ ವಾ ಕೈಗೆ ಕೈಯಾಗಿ ನಿಂತರು. 1948ರಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪೋರ್ಟ್‌ಲ್ಯಾಂಡಿಗೆ ಕರೆದೊಯ್ದರು. ವಾಪಸು ಬರುತ್ತೇನೆ ಅಂತ ಅಂಗಡಿಗೆ ಬೀಗ ಹಾಕಿಸಿ ಹೊರಟವರು ಬರಲಿಲ್ಲ. 1952ರಲ್ಲಿ ಅಲ್ಲೇ ಒಂದು ಆರೈಕೆ ಕೇಂದ್ರದಲ್ಲಿ ಕೊನೆಯುಸಿರು. ಸಮಾಧಿ ಮಾತ್ರ ಜಾನ್ ಡೇಯಲ್ಲಿ, ಲಂಗ್ ಆನ್ ಇರುವ ಸ್ಮಶಾನದಲ್ಲೇ.

1955ರಲ್ಲಿ ಬಾಬ್ ವಾ ಕಟ್ಟಡವನ್ನು ಊರಿನ ಆಡಳಿತಕ್ಕೆ ಬರೆದುಕೊಟ್ಟರು, ವಸ್ತುಸಂಗ್ರಹಾಲಯ ಮಾಡಬೇಕು ಅನ್ನುವ ಆಸೆಯೊಂದಿಗೆ. ಆಮೇಲೆ ಎಲ್ಲರೂ ಮರೆತರು. ಹತ್ತು ಹನ್ನೆರಡು ವರ್ಷ ಆ ಬಾಗಿಲು ತೆರೆಯಲಿಲ್ಲ. 1960ರ ದಶಕದ ಕೊನೆಯಲ್ಲಿ ಪಾರ್ಕ್ ಮಾಡಬೇಕು ಅಂತ ಜಾಗದ ದಾಖಲೆ ತೆಗೆದು ನೋಡಿದಾಗ ಆ ಹಳೇ ಕಲ್ಲಿನ ಮನೆ ತಮ್ಮದೇ ಅಂತ ಆಡಳಿತದವರಿಗೆ ಗೊತ್ತಾಯಿತು! ಬೀಗ ತೆಗೆದರೆ ಒಳಗೆ 1948ರ ಬದುಕು ಇದ್ದಹಾಗೇ ಇತ್ತು. ಕಪಾಟಿನಲ್ಲಿ ಮಾರಾಟವಾಗದ ಡಬ್ಬಿಗಳು, ಅಡುಗೆಮನೆಯಲ್ಲಿ ಪಾತ್ರೆ, ಗೋಡೆಯಲ್ಲಿ ಕ್ಯಾಲೆಂಡರು, ಮದ್ಯನಿಷೇಧದ ಕಾಲದಲ್ಲಿ ಬಚ್ಚಿಟ್ಟ ವಿಸ್ಕಿ ಬಾಟಲಿಗಳು. ಮರುಭೂಮಿಯಂಥ ಒಣ ಹವೆ, ದಪ್ಪ ಗೋಡೆ, ಸಣ್ಣ ಕಿಟಕಿ ಎಲ್ಲ ಸೇರಿ ಕಾಪಾಡಿದ್ದವು. ನಮ್ಮ ಮಲೆನಾಡಿನ ಮಳೆಯಲ್ಲಾಗಿದ್ದರೆ ಗೆದ್ದಲು, ಬೂಷ್ಟು ಎರಡೇ ವರ್ಷದಲ್ಲಿ ಎಲ್ಲವನ್ನೂ ಮುಗಿಸುತ್ತಿದ್ದವು.

ಹೇ ಅವರ ಮಂಚದ ಕೆಳಗೆ ನಗದು ಮಾಡಿಸದ ಚೆಕ್ಕುಗಳು ಸಿಕ್ಕವು. ಒಟ್ಟು ಮೊತ್ತ 23,000 ಡಾಲರಿಗೂ ಹೆಚ್ಚು. ರೋಗಿಗಳು ಕೊಟ್ಟ ಚೆಕ್ಕುಗಳು. ಬಡವರು, ಕಷ್ಟದ ಕಾಲ, ಅವರಿಂದ ದುಡ್ಡು ತೆಗೆದುಕೊಳ್ಳಲು ವೈದ್ಯರಿಗೆ ಮನಸ್ಸಾಗಲಿಲ್ಲ ಅಂತ ಊರಿನವರು ವಿವರಣೆ ಕೊಡುತ್ತಾರೆ. ಇರಬಹುದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬ್ಯಾಂಕುಗಳೇ ಬಾಗಿಲು ಹಾಕುತ್ತಿದ್ದವು. ಚೆಕ್ಕು ಹಾಕಿದರೆ ಕೊಟ್ಟವನ ಖಾತೆಯಲ್ಲಿ ದುಡ್ಡೇ ಇಲ್ಲದೆ ಅವನಿಗೆ ಅವಮಾನ ಆದೀತು ಅಂತಲೂ ಯೋಚಿಸಿರಬಹುದು. ನನಗೆ ಇನ್ನೂ ಒಂದು ಅನ್ನಿಸುತ್ತದೆ. ಖಾತೆಯಲ್ಲಿ ಬಾಕಿ ಉಳಿದಷ್ಟೂ ಕಾಲ ಕೊಡಬೇಕಾದವನು ಮತ್ತು ಪಡೆಯಬೇಕಾದವನ ನಡುವೆ ಒಂದು ಎಳೆ ಇರುತ್ತದೆ. ಉದ್ರಿ ಕೊಟ್ಟ ಅಂಗಡಿಯವನು ಎದುರಿಗೆ ಸಿಕ್ಕಾಗ ಯಾರೂ ಮುಖ ತಿರುಗಿಸಿಕೊಂಡು ಹೋಗುವುದಿಲ್ಲ. ಸಾಕ್ಷಿಗೆ ಜನ ಬೇಕಾದ ದೇಶದಲ್ಲಿ ಅಂಥ ಎಳೆಗಳಿಗೆ ಡಾಲರಿಗಿಂತ ಹೆಚ್ಚು ಬೆಲೆ ಇತ್ತೇನೋ.

ಈಗ ಅಮ್ಮನ ಪ್ರಶ್ನೆ. ಇಬ್ಬರೂ ಮದುವೆಯಾಗಿ, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರು. ವ್ಯಾಪಾರಿಗಳು ಸಂಸಾರ ಕರೆಸಿಕೊಳ್ಳಲು ಕಾಯಿದೆಯಲ್ಲಿ ದಾರಿ ಇತ್ತು. ಇವರು ಕರೆಸಿಕೊಳ್ಳಲಿಲ್ಲ, ತಾವೂ ಹೋಗಿ ನೆಲೆಸಲಿಲ್ಲ. ಅಂಗಡಿಯಲ್ಲಿ ಸಿಕ್ಕ ಕಾಗದಗಳ ರಾಶಿಯಲ್ಲಿ ಊರಿಂದ ಬಂದವು ಇವೆ. ಬಾ ಅನ್ನುವ ಕಾಗದ, ದುಡ್ಡು ಕಳಿಸು ಅನ್ನುವ ಕಾಗದ, ಮನೆಯ ಸುದ್ದಿ ತಿಳಿಸುವ ಕಾಗದ. ಇವರಿಬ್ಬರದಷ್ಟೇ ಅಲ್ಲ. ಗಣಿಯವರ, ಕುರಿ ಕಾಯುವವರ, ಅಡುಗೆಯವರ ಹೆಸರಿನವೂ ಇವೆ, ಯಾಕೆಂದರೆ ಅವರಿಗೆಲ್ಲ ವಿಳಾಸ ಅಂತ ಇದ್ದದ್ದು ಈ ಅಂಗಡಿ. ಇಲ್ಲಿಂದ ಬರೆದು ಅಂಚೆಗೆ ಹೋಗದೆ ಉಳಿದ ಕಾಗದಗಳೂ ಅದರಲ್ಲಿ ಸೇರಿವೆ. ಬರೆಸಿದವರು ಯಾಕೆ ಕಳಿಸಲಿಲ್ಲ, ಜೊತೆಗೆ ಇಡಲು ದುಡ್ಡಿರಲಿಲ್ಲವೋ, ಮನಸ್ಸು ಬದಲಾಯಿತೋ, ಸತ್ತೇಹೋದರೋ. ಕಾಗದ ಮಾತ್ರ ಲಂಗ್ ಆನ್ ಎಸೆಯದೆ ಇಟ್ಟುಕೊಂಡರು.

1970ರ ದಶಕದಿಂದ ವಿದ್ವಾಂಸರು ಆ ಚೀನೀ ದಾಖಲೆಗಳನ್ನು ಓದಿ, ಅನುವಾದಿಸಿ, ಪಟ್ಟಿ ಮಾಡಿದ್ದಾರೆ. ಅಮೆರಿಕದ ಚೀನೀ ಕೇರಿಗಳು ಸುಟ್ಟುಹೋದದ್ದೇ ಹೆಚ್ಚು, ಕೆಡವಿದ್ದೇ ಹೆಚ್ಚು. ಬಿಳಿಯರು ಬರೆದ ಪತ್ರಿಕೆ, ಕೋರ್ಟಿನ ಕಡತಗಳಲ್ಲಿ ಆ ಜನ ಬಹಳ ಸಲ ಹೆಸರಿಲ್ಲದೆ, ಬರೀ ಜಾತಿಸೂಚಕವಾಗಿ ಬರುತ್ತಾರೆ. ಇಲ್ಲಿ ಅವರು ತಮ್ಮದೇ ಅಕ್ಷರದಲ್ಲಿ ಅಕ್ಕಿ ಕೊಂಡಿದ್ದಾರೆ, ಸಾಲ ಮಾಡಿದ್ದಾರೆ, ಹೆಂಡತಿಗೆ ಕ್ಷೇಮ ಕೇಳಿದ್ದಾರೆ. ಈ ಅಂಗಡಿಯನ್ನು ರಾಷ್ಟ್ರೀಯ ಹೆಗ್ಗುರುತು ಅಂತ ಘೋಷಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಕಟ್ಟಡದ ಶಿಲ್ಪಕ್ಕಾಗಿ ಯಾರೂ ಅಷ್ಟು ದೂರ ಹೋಗಬೇಕಿಲ್ಲ.

ನಮ್ಮ ಕರ್ನಾಟಕದ ಪೇಟೆಬೀದಿಗಳಲ್ಲೂ ನೂರು ವರ್ಷ ದಾಟಿದ ಅಂಗಡಿಗಳಿವೆ. ಅಟ್ಟದ ಮೇಲೆ ಅಜ್ಜನ ಕಾಲದ ಕೆಂಪು ಬಟ್ಟೆ ಹೊದಿಕೆಯ ಲೆಕ್ಕದ ಪುಸ್ತಕಗಳು ಇರುತ್ತವೆ. ಮಳಿಗೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವಾಗ ಅವು ರದ್ದಿಗೆ ಹೋಗುತ್ತವೆ. ಮುಂಭಾಗದ ಮರದ ಕಂಬಗಳನ್ನಾದರೂ ಯಾರೋ ಹಳೇ ಸಾಮಾನಿನವರು ಕೊಂಡುಕೊಳ್ಳುತ್ತಾರೆ, ಪುಸ್ತಕವನ್ನು ಕೇಳುವವರಿಲ್ಲ. ಯಾವ ಹಳ್ಳಿಯವರು ಯಾವ ವರ್ಷ ಬೀಜಕ್ಕೆ ಸಾಲ ಮಾಡಿದರು, ಕ್ಷಾಮದಲ್ಲಿ ರಾಗಿ ಎಷ್ಟಕ್ಕೆ ಹೋಯಿತು, ಮದುವೆಗೆ ಎಷ್ಟು ಬೆಲ್ಲ ಒಯ್ದರು ಎಲ್ಲ ಅದರಲ್ಲೇ ಇರುತ್ತದೆ. ಅಂಥ ಅಂಗಡಿಯ ಮನೆತನದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಎಸೆಯುವ ಮುಂಚೆ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಒಂದು ಮಾತು ಹೇಳಿ.

ಒರೆಗಾನ್‌ನಲ್ಲಿ ಇರುವವರು, ಅಥವಾ ಮಕ್ಕಳನ್ನು ನೋಡಲು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರು, ಹೋಗಬೇಕು ಅನ್ನಿಸಿದರೆ ಬೇಸಿಗೆಯಲ್ಲಿ ಹೊರಡಿ. ಚಳಿಗಾಲದಲ್ಲಿ ಅಂಗಡಿ ತೆರೆದಿರುವುದಿಲ್ಲ, ಘಾಟಿಯಲ್ಲಿ ಹಿಮ ಬೇರೆ. ರಾಜ್ಯದ ಪಾರ್ಕ್ ಇಲಾಖೆ ನೋಡಿಕೊಳ್ಳುತ್ತದೆ, ಟಿಕೆಟಿಗೆ ದುಡ್ಡಿಲ್ಲ. ಒಂದು ಸಲಕ್ಕೆ ಕೆಲವರನ್ನು ಮಾತ್ರ ಗೈಡ್ ಜೊತೆ ಒಳಗೆ ಬಿಡುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ ಹತ್ತಿರದ ಮಾಹಿತಿ ಕೇಂದ್ರದಲ್ಲಿ ಹೆಸರು ಬರೆಸಿ. ದಾರಿಯಲ್ಲೇ ಪೇಂಟೆಡ್ ಹಿಲ್ಸ್ ಎಂಬ ಬಣ್ಣಬಣ್ಣದ ಮಣ್ಣಿನ ಗುಡ್ಡಸಾಲು ಸಿಗುತ್ತದೆ, ಅದಕ್ಕೆ ಸಂಜೆಯ ಬಿಸಿಲು ಚೆನ್ನ. ಗೈಡುಗಳು ಚೆಕ್ಕಿನ ಕಥೆ, ಕರಡಿ ಪಂಜದ ಕಥೆ ತಾವಾಗಿಯೇ ಹೇಳುತ್ತಾರೆ. ಕಾಗದಗಳ ಬಗ್ಗೆ ನೀವು ಕೇಳಿ.